ಗನ್ ಶೋನಲ್ಲಿ ಅಗ್ಗಕ್ಕೆ ಸಿಗುವ ಜೋಡಿಸಿದ ರೈಫಲ್ ಕೊಳ್ಳುವ ಮುಂಚೆ ಇದನ್ನು ಓದಿ

ನೇರವಾಗಿ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿದ್ದು ಮೊದಲ ಸಲ ಸೆಮಿ ಆಟೊಮ್ಯಾಟಿಕ್ ರೈಫಲ್ (ಒಂದು ಗುಂಡು ಹಾರಿದ ಕೂಡಲೇ ಮುಂದಿನದು ತಾನಾಗೇ ಒಳಗೆ ಬರುವಂಥದ್ದು) ಕೊಳ್ಳಬೇಕು ಅಂತಿರುವವರು, ಅದರಲ್ಲೂ 500 ಡಾಲರ್ ಒಳಗೆ ಮುಗಿಸಬೇಕು ಅಂತ ಹುಡುಕುತ್ತಿರುವವರು, ದಯವಿಟ್ಟು ಗನ್ ಶೋನಲ್ಲಿ ಯಾರೋ ಮನೆಯಲ್ಲಿ ಜೋಡಿಸಿ ತಂದು ಮಾರುವ ಎಆರ್-15 ಅನ್ನೋ ಥರದ ರೈಫಲ್ ತಗೋಬೇಡಿ. ನೋಡೋಕೆ ಹೊಸದೇ ಇದ್ದ ಹಾಗೆ ಇರುತ್ತದೆ. ಬೆಲೆ ಅಂಗಡಿಗಿಂತ ಕಡಿಮೆ. ನಾನು ತಂದದ್ದು ಕೆನ್ನೆಗೆ ಒತ್ತಿ ಹಿಡಿದಿದ್ದಾಗಲೇ ಕೈಕೊಟ್ಟಿತು. ಕಣ್ಣಿಗೆ ಕನ್ನಡಕ ಇತ್ತು, ಗಾಯ ಆಗಲಿಲ್ಲ. ಎಲ್ಲರಿಗೂ ಹಾಗೇ ಆಗುತ್ತದೆ ಅನ್ನೋ ಖಾತರಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಟೆಕ್ಸಾಸಿನಲ್ಲಿ. ಇಲ್ಲಿ ಗನ್ ಶೋ ಅಂದರೆ ದೊಡ್ಡ ಹಾಲ್, ಸಾಲು ಸಾಲು ಮೇಜು. ಆ ಮೇಜುಗಳ ಹಿಂದೆ ಎರಡು ಥರದವರು ಕೂತಿರುತ್ತಾರೆ. ಫೆಡರಲ್ (ಕೇಂದ್ರ ಸರ್ಕಾರದ) ಲೈಸೆನ್ಸ್ ಇರುವ ಡೀಲರ್‌ಗಳು ಒಂದು ಥರ. ಅವರು ಫಾರ್ಮ್ 4473 ತುಂಬಿಸಿಕೊಳ್ಳುತ್ತಾರೆ, ಎಫ್‌ಬಿಐ ನಡೆಸುವ ಹಿನ್ನೆಲೆ ತಪಾಸಣೆ ಮಾಡಿಸುತ್ತಾರೆ, ಆಮೇಲೇ ಗನ್ ಕೈಗೆ ಕೊಡುತ್ತಾರೆ. ಇನ್ನೊಂದು ಥರದವರು ತಮ್ಮ ಸ್ವಂತ ಗನ್ ಮಾರುವ ಖಾಸಗಿ ಜನ. ಟೆಕ್ಸಾಸಿನಲ್ಲಿ ಅವರು ಆ ತಪಾಸಣೆ ಮಾಡಿಸಲೇಬೇಕು ಅಂತ ಕಾನೂನಿಲ್ಲ. ನನಗೆ ಮಾರಿದವರು ಈ ಎರಡನೇ ಥರದವರು. ಹೊಸ ಎಆರ್ ಅಂಗಡಿಯಲ್ಲಿ 500ರಿಂದ 600 ಡಾಲರ್ ಹೇಳುತ್ತಿದ್ದಾಗ ಇವರು 425ಕ್ಕೆ ಕೊಡ್ತೀನಿ ಅಂದರು.

ಎಆರ್-15 ಎರಡು ಭಾಗದ ರೈಫಲ್. ಟ್ರಿಗರ್ ಇರುವ ಕೆಳಭಾಗ ಒಂದು, ಬ್ಯಾರೆಲ್ (ನಳಿಗೆ) ಮತ್ತು ಬೋಲ್ಟ್ (ಗುಂಡನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಲೋಹದ ತುಂಡು) ಇರುವ ಮೇಲ್ಭಾಗ ಇನ್ನೊಂದು. ಕಾನೂನಿನ ಕಣ್ಣಿಗೆ ಸೀರಿಯಲ್ ನಂಬರ್ ಇರುವ ಆ ಕೆಳಭಾಗ ಮಾತ್ರ ಗನ್. ಉಳಿದದ್ದೆಲ್ಲ ಬಿಡಿಭಾಗ, ಬಹಳಷ್ಟು ರಾಜ್ಯಗಳಲ್ಲಿ ಅಂಚೆಯಲ್ಲೇ ಮನೆಗೆ ಬರುತ್ತದೆ. ಹಾಗಾಗಿ ಮನೆಯಲ್ಲಿ ಕೂತು ಜೋಡಿಸುವವರು ಇಲ್ಲಿ ಬೇಕಾದಷ್ಟು ಜನ. ಒಳ್ಳೆ ಕೈ ಇರುವವರು ಕಾರ್ಖಾನೆಗಿಂತ ಚೆನ್ನಾಗಿಯೇ ಜೋಡಿಸುತ್ತಾರೆ, ಸುಳ್ಳಲ್ಲ. ಆದರೆ ಹೊರಗಿಂದ ನೋಡಿದರೆ ಒಳ್ಳೆ ಕೈಯ ರೈಫಲ್ಲೂ ಕೆಟ್ಟ ಕೈಯ ರೈಫಲ್ಲೂ ಒಂದೇ. ಹೊಸಬರಿಗೆ ವ್ಯತ್ಯಾಸ ತಿಳಿಯುವುದು ಬಹಳ ಕಷ್ಟ.

ನಾನು ಕೇಳಿದ ಮುಖ್ಯ ಪ್ರಶ್ನೆ ಗುಂಡಿನದು. ಈ ರೈಫಲ್‌ಗೆ ಹೆಚ್ಚಾಗಿ ಎರಡು ಹೆಸರಿನ ಗುಂಡು ಸಿಗುತ್ತದೆ. .223 ರೆಮಿಂಗ್ಟನ್ ಒಂದು, 5.56 ನೇಟೊ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗುರುತು ಹಿಡಿಯೋಕೆ ಆಗಲ್ಲ. ‘ಎರಡೂ ಹಾರುತ್ತಾ?’ ಅಂತ ಕೇಳಿದೆ. ಅವರು ರೈಫಲ್ ತಿರುಗಿಸಿ ಕೆಳಭಾಗದ ಮೇಲೆ ಕೊರೆದಿದ್ದ ‘ಮಲ್ಟಿ’ ಅನ್ನೋ ಅಕ್ಷರ ತೋರಿಸಿದರು. ‘ಇಲ್ಲೇ ಬರೆದಿದೆ ನೋಡಿ, ಎರಡೂ ನಡೆಯುತ್ತೆ’ ಅಂದರು.

ಅದು ಶುದ್ಧ ಸುಳ್ಳು. ಆ ಕೆಳಭಾಗದ ಮೇಲೆ ಬೇರೆ ಬೇರೆ ಅಳತೆಯ ಮೇಲ್ಭಾಗ ಕೂರಿಸಬಹುದು ಅಂತ ಅದರ ಅರ್ಥ, ಅಷ್ಟೇ. ಯಾವ ಗುಂಡು ಹಾಕಬೇಕು ಅಂತ ಹೇಳುವುದು ಬ್ಯಾರೆಲ್ ಮೇಲಿನ ಗುರುತು. ನನ್ನ ರೈಫಲ್‌ನಲ್ಲಿ ಆ ಗುರುತು ಕೈ ಹಿಡಿಯುವ ಉದ್ದನೆಯ ಹ್ಯಾಂಡ್‌ಗಾರ್ಡ್ ಒಳಗೆ ಮುಚ್ಚಿಹೋಗಿತ್ತು. ಅದನ್ನು ಬಿಚ್ಚದೆ ಕಾಣುವ ಹಾಗೇ ಇರಲಿಲ್ಲ.

ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಆದದ್ದು ಹೇಳುತ್ತೇನೆ. ಅಗ್ಗಕ್ಕೆ ಸಿಕ್ಕಿತು ಅಂತ 5.56ರ ಡಬ್ಬ ತಂದಿದ್ದೆ. ಕೇಸಿನ (ಮದ್ದು ತುಂಬಿದ ಹಿತ್ತಾಳೆ ಕೊಳವೆಯ) ತಳದಲ್ಲಿ ವೃತ್ತದೊಳಗೆ ಕೂಡಿಸುವ ಚಿಹ್ನೆಯಂಥ ನೇಟೊ ಗುರುತು ಇರುವ ಗುಂಡು. ಮೊದಲ ಮ್ಯಾಗಜಿನ್ (ಗುಂಡು ತುಂಬಿ ರೈಫಲ್‌ಗೆ ಸಿಕ್ಕಿಸುವ ಡಬ್ಬಿ) ಸರಾಗ ಹೋಯಿತು. ಎರಡನೆಯದರ ಮಧ್ಯದಲ್ಲಿ ಸದ್ದು ಬೇರೆ ಥರ ಕೇಳಿಸಿತು, ರೈಫಲ್ ಹಿಂಭಾಗದಿಂದ ಬಿಸಿ ಗಾಳಿ ಕೆನ್ನೆಗೆ ಹೊಡೆಯಿತು. ಮುಂದಿನ ಸಲ ಟ್ರಿಗರ್ ಅದುಮಿದರೆ ಅದು ಅಲುಗಾಡಲೇ ಇಲ್ಲ. ಬೆರಳು ತೆಗೆದು, ರೈಫಲ್ ಬಾಯಿ ಗುರಿಯ ಕಡೆಗೇ ಇಟ್ಟುಕೊಂಡು ಕೈ ಎತ್ತಿದೆ. ರೇಂಜ್ ಆಫೀಸರ್ ಬಂದರು. ಮ್ಯಾಗಜಿನ್ ತೆಗೆದು, ಒಳಗಿದ್ದ ಗುಂಡನ್ನು ಹೊರಗೆ ಹಾಕಿ, ರೈಫಲ್ ಎರಡು ಭಾಗ ಮಾಡಿದರು. ಕೆಳಭಾಗವನ್ನು ಬೋರಲು ಹಾಕಿ ಕುಟ್ಟಿದಾಗ ಟ್ರಿಗರ್ ಅಡಿಯಿಂದ ತೊಗರಿಬೇಳೆ ಗಾತ್ರದ ಲೋಹದ ಚೂರು ಬಿತ್ತು. ಅದು ಪ್ರೈಮರ್. ಗುಂಡಿನ ತಳದಲ್ಲಿ ಕೂತು ಕಿಡಿ ಕೊಡುವ ಪುಟ್ಟ ಬಟ್ಟಲು. ನೆಲದ ಮೇಲೆ ಬಿದ್ದಿದ್ದ ನನ್ನ ಖಾಲಿ ಕೇಸುಗಳನ್ನು ಅವರು ಒಂದೊಂದಾಗಿ ಎತ್ತಿ ತೋರಿಸಿದರು. ಒಂದರ ತಳದಲ್ಲಿ ಬರೀ ತೂತು, ಸುತ್ತ ಮಸಿ. ಉಳಿದವುಗಳಲ್ಲಿ ಪ್ರೈಮರ್ ಅಪ್ಪಚ್ಚಿಯಾಗಿ ಅಂಚಿನವರೆಗೂ ಹರಡಿತ್ತು, ಹಿತ್ತಾಳೆಯ ಮೇಲೆ ಉಜ್ಜಿದ ಹಾಗೆ ಹೊಳೆಯುವ ಗೀರು. ‘ಪ್ರೆಷರ್ ಮಿತಿ ಮೀರಿದೆ, ಇನ್ನೊಂದು ಗುಂಡೂ ಹಾರಿಸಬೇಡಿ’ ಅಂದರು.

ಮರುದಿನ ಗನ್ ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಒಯ್ದೆ. ಹ್ಯಾಂಡ್‌ಗಾರ್ಡ್ ಬಿಚ್ಚಿದರೆ ಬ್ಯಾರೆಲ್ ಮೇಲೆ ಸ್ಪಷ್ಟವಾಗಿ .223 ರೆಮ್ ಅಂತಲೇ ಇತ್ತು. ಅವರು ವಿವರಿಸಿದ್ದು ಇಷ್ಟು. 5.56ಕ್ಕಾಗಿ ಮಾಡಿದ ಬ್ಯಾರೆಲ್‌ನಲ್ಲಿ, ಗುಂಡಿನ ತುದಿಗೂ ಬ್ಯಾರೆಲ್ ಒಳಗಿನ ಸುರುಳಿ ಗೀರು ಶುರುವಾಗುವ ಜಾಗಕ್ಕೂ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಟ್ಟಿರುತ್ತಾರೆ. .223 ಬ್ಯಾರೆಲ್‌ನಲ್ಲಿ ಆ ಜಾಗ ಕಡಿಮೆ. ಅದರೊಳಗೆ 5.56 ಹಾಕಿದರೆ ಒತ್ತಡ ಮಿತಿಗಿಂತ ಮೇಲೇರುತ್ತದೆ. ಅಮೆರಿಕದ ಗನ್ ಮತ್ತು ಗುಂಡು ತಯಾರಕರ ಸಂಸ್ಥೆ ಸಾಮಿ ಈ ಜೋಡಿಯನ್ನು ಅಸುರಕ್ಷಿತ ಪಟ್ಟಿಯಲ್ಲೇ ಇಟ್ಟಿದೆ. ತಿರುವುಮುರುವು ಆದರೆ ತೊಂದರೆ ಇಲ್ಲ: 5.56 ಬ್ಯಾರೆಲ್‌ನಲ್ಲಿ .223 ಧಾರಾಳವಾಗಿ ಹಾರಿಸಬಹುದು. .223 ವೈಲ್ಡ್ ಅಂತ ಬರೆದಿರುವ ಬ್ಯಾರೆಲ್‌ಗೆ ಎರಡೂ ನಡೆಯುತ್ತದೆ.

ಇದೇ ಸಾಲಿನಲ್ಲಿ ಇನ್ನೂ ಭಯಂಕರವಾದದ್ದೊಂದಿದೆ, .300 ಬ್ಲ್ಯಾಕೌಟ್ ಗುಂಡು. .223 ಕೇಸನ್ನೇ ಗಿಡ್ಡ ಮಾಡಿ ದಪ್ಪ ಬುಲೆಟ್ (ಹೊರಗೆ ಹಾರುವ ತುದಿ) ಕೂರಿಸಿದ ಗುಂಡು ಅದು. ಅದೇ ಮ್ಯಾಗಜಿನ್‌ಗೆ ಹೋಗುತ್ತದೆ, ಕೆಲವೊಮ್ಮೆ ಅದೇ ಬ್ಯಾರೆಲ್ ಒಳಗೂ ಕೂರುತ್ತದೆ. ಹಾರಿಸಿದರೆ ರೈಫಲ್ ಕೈಯಲ್ಲೇ ಒಡೆಯುತ್ತದೆ. ಮನೆಯಲ್ಲಿ ಎರಡೂ ಅಳತೆಯ ರೈಫಲ್ ಇಟ್ಟುಕೊಳ್ಳಲೇಬೇಡಿ ಅಂತ ನಾನು ಹೊಸಬರಿಗೆ ಹೇಳುತ್ತೇನೆ. ರೇಂಜಿನಲ್ಲಿ ಪಕ್ಕದ ಮೇಜಿನವರ ಗುಂಡು ನಿಮ್ಮ ಡಬ್ಬದೊಳಗೆ ಬೀಳದ ಹಾಗೂ ನೋಡಿಕೊಳ್ಳಿ.

ಗನ್‌ಸ್ಮಿತ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೋಲ್ಟನ್ನು ಹೊತ್ತಿರುವ ಬೋಲ್ಟ್ ಕ್ಯಾರಿಯರ್ ಹೊರಗೆಳೆದು, ಅದರ ತಲೆಯ ಮೇಲಿನ ಗ್ಯಾಸ್ ಕೀ ತೋರಿಸಿದರು. ಬ್ಯಾರೆಲ್‌ನಿಂದ ಬರುವ ಗ್ಯಾಸ್ ಒಳಗೆ ಹೋಗಿ ಬೋಲ್ಟನ್ನು ಹಿಂದೆ ತಳ್ಳುವುದು ಇದರ ಮೂಲಕ. ಈ ಒಂದು ಕೆಲಸದ ಮೇಲೇ ಖಾಲಿ ಕೇಸು ಹೊರಗೆ ಬೀಳುವುದು, ಮುಂದಿನ ಗುಂಡು ಒಳಗೆ ಬರುವುದು ಎಲ್ಲ ನಿಂತಿದೆ. ಅದನ್ನು ಎರಡು ಸ್ಕ್ರೂ ಹಿಡಿದಿರುತ್ತವೆ. ಸ್ಕ್ರೂ ಸಡಿಲ ಆಗದಿರಲಿ ಅಂತ ಉಳಿಯಿಂದ ಬಡಿದು, ಪಕ್ಕದ ಲೋಹವನ್ನು ಅದರ ತಲೆಗೆ ಒತ್ತಿ ಕೂರಿಸಿರಬೇಕು. ನನ್ನದರಲ್ಲಿ ಆ ಬಡಿತದ ಗುರುತೇ ಇಲ್ಲ. ಎಲ್ ಕೀ ಹಾಕಿ ಎರಡು ಬೆರಳಲ್ಲಿ ತಿರುಗಿಸಿದರು, ಸ್ಕ್ರೂ ಸುಲಭವಾಗಿ ತಿರುಗಿತು. ಇದು ಮಾತ್ರ ಕೊಳ್ಳುವಾಗಲೇ ನೋಡಬಹುದಾದ ಗುರುತು. ಹಿಂದಿನ ಪಿನ್ ತಳ್ಳಿ ರೈಫಲ್ ತೆರೆದು, ಕ್ಯಾರಿಯರ್ ಎಳೆದು, ಸ್ಕ್ರೂ ಪಕ್ಕ ಬಡಿದ ಗುಳಿ ಇದೆಯಾ ಅಂತ ಕಣ್ಣಾರೆ ನೋಡಿ. ಮಾರುವವರು ತೆರೆಯೋಕೆ ಬಿಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮಾರಿದವರಿಗೆ ಫೋನ್ ಮಾಡಿದೆ. ‘ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೀನಿ’ ಅಂದರು, ಕೈ ತೊಳೆದುಕೊಂಡರು. ಆಮೇಲೆ ಫೋನ್ ಎತ್ತಲಿಲ್ಲ. ಖಾಸಗಿ ಮಾರಾಟಕ್ಕೆ ಸಾಮಾನ್ಯವಾಗಿ ಕಂಪನಿಯ ವಾರಂಟಿ ಇರಲ್ಲ. ಎಲ್ಲೆಲ್ಲಿಯದೋ ಬಿಡಿಭಾಗ ಸೇರಿಸಿ ಮಾಡಿದ ರೈಫಲ್‌ಗೆ ಕಂಪನಿ ಅಂತಲೇ ಒಂದು ಇರಲ್ಲ, ಯಾರನ್ನು ಕೇಳೋದು?

ಲೆಕ್ಕ ನೋಡಿ. ಕೊಟ್ಟದ್ದು 425. ಹೊಸ ಬ್ಯಾರೆಲ್ 180, ಕೂರಿಸುವ ಕೂಲಿ 80, ಬೇರೆ ಬೋಲ್ಟ್ ಕ್ಯಾರಿಯರ್ 90. ಒಟ್ಟು 775 ಡಾಲರ್. ಅದಕ್ಕಿಂತ ಎಷ್ಟೋ ಕಡಿಮೆಗೆ ಹೆಸರಿರುವ ಕಂಪನಿಯ ಹೊಸ ರೈಫಲ್ ಬರುತ್ತಿತ್ತು. ರೂಗರ್ ಎಆರ್-556, ಸ್ಮಿತ್ ಆ್ಯಂಡ್ ವೆಸ್ಸನ್‌ನ ಎಂ ಆ್ಯಂಡ್ ಪಿ 15 ಸ್ಪೋರ್ಟ್ ಥರದವು ಬಜೆಟ್ ಜನಕ್ಕೆಂದೇ ಮಾಡಿದ ರೈಫಲ್‌ಗಳು.

ಆದರೆ ಮೊದಲ ರೈಫಲ್ ಎಆರ್ ಆಗಲೇಬೇಕಾ ಅಂತ ಕೇಳಿದರೆ, ಬೇಡ ಅಂತಲೇ ನನ್ನ ಅಭಿಪ್ರಾಯ. ಕಾಗದದ ಗುರಿಗೆ ಹೊಡೆದು ಕಲಿಯುವ ಆಸೆ ಇದ್ದರೆ .22 ಎಲ್‌ಆರ್ ಅನ್ನೋ ಪುಟ್ಟ ಗುಂಡಿನ ರೈಫಲ್ ತಗೊಳ್ಳಿ. ರೂಗರ್ 10/22 ಅಂತ 1964ರಿಂದ ಬರುತ್ತಿದೆ. ಅದೂ ಸೆಮಿ ಆಟೊಮ್ಯಾಟಿಕ್ಕೇ, ಒಂದು ಸಲ ಅದುಮಿದರೆ ಒಂದು ಗುಂಡು, 10 ಗುಂಡಿನ ಮ್ಯಾಗಜಿನ್. ಹೊಸದಕ್ಕೆ ಸುಮಾರು 300 ಡಾಲರ್ ಆಗುತ್ತದೆ. ನಿಜವಾದ ಉಳಿತಾಯ ಇರುವುದು ಗುಂಡಿನಲ್ಲಿ. .22 ಗುಂಡು ಒಂದಕ್ಕೆ ಹತ್ತಿರ ಹತ್ತಿರ 10 ಸೆಂಟ್, .223 ಅಂದರೆ 45-50 ಸೆಂಟ್. ಒಂದು ಶನಿವಾರ 200 ಗುಂಡು ಹಾರಿಸಿದರೆ ಒಂದು ಕಡೆ 20 ಡಾಲರ್, ಇನ್ನೊಂದು ಕಡೆ 100. ಹೆಗಲಿಗೆ ಒದೆತವೂ ಇಲ್ಲದ್ದರಿಂದ ಕಣ್ಣು ಮುಚ್ಚಿಕೊಳ್ಳುವ ಕೆಟ್ಟ ಅಭ್ಯಾಸ ಬೆಳೆಯಲ್ಲ. ಊರಿನ ಕಡೆ ಕೋವಿ ನೋಡಿ ಬೆಳೆದವರಿಗೂ ಇದೇ ಹೇಳುತ್ತೇನೆ. ಒಂಟಿ ನಳಿಗೆ ಕೋವಿಯಲ್ಲಿ ಒಂದು ಈಡು ಆದ ಮೇಲೆ ಅದು ಖಾಲಿ. ಇದರಲ್ಲಿ ಒಂದು ಹಾರಿದ ಕೂಡಲೇ ಇನ್ನೊಂದು ಒಳಗೆ ಕೂತಿರುತ್ತದೆ. ಆ ವ್ಯತ್ಯಾಸ ಕೈಗೆ ಅಭ್ಯಾಸ ಆಗಬೇಕು.

ಉಳಿದ ದುಡ್ಡಲ್ಲಿ ಮೊದಲು ಕಿವಿ, ಕಣ್ಣಿಗೆ ರಕ್ಷಣೆ ತಗೊಳ್ಳಿ. 140 ಡೆಸಿಬೆಲ್ ದಾಟಿದ ಸದ್ದು ಒಂದೇ ಸಲಕ್ಕೆ ಕಿವಿಗೆ ಪೆಟ್ಟು ಕೊಡಬಹುದು. .223 ರೈಫಲ್ 150ನ್ನೂ ದಾಟುತ್ತದೆ. ಒಳಾಂಗಣ ರೇಂಜಿನಲ್ಲಿ ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಇರುವ ಕಬ್ಬಿಣದ ಪೆಟ್ಟಿಗೆ ಬೇಕೇ ಬೇಕು. ಲೋಡ್ ಆದ ಗನ್ ಮಕ್ಕಳ ಕೈಗೆ ಸಿಗುವ ಹಾಗೆ ಬಿಡುವುದು ಟೆಕ್ಸಾಸಿನಲ್ಲೂ ಅಪರಾಧ. ರೇಂಜಿನಿಂದ ಬಂದ ಮೇಲೆ ಸೀಸದ ಪುಡಿ ಕೈಯಲ್ಲಿರುತ್ತದೆ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಸೋಪು ಹಾಕಿ ತೊಳೆದು ಬಟ್ಟೆ ಬದಲಾಯಿಸಿ.

ಇನ್ನು ವೀಸಾ ವಿಷಯ. ನಮ್ಮವರಲ್ಲಿ ಇದು ಗೊತ್ತಿಲ್ಲದವರು ತುಂಬಾ ಇದ್ದಾರೆ. ಎಚ್-1ಬಿ, ಎಚ್-4, ಎಲ್-1, ಎಫ್-1 ಇಂಥ ವೀಸಾದಲ್ಲಿ ಇರುವವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಫೆಡರಲ್ ಕಾನೂನು. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಇನ್ನು ಕೆಲವೇ ಕೆಲವು ವಿನಾಯಿತಿಗಳಿವೆ. 2022ರಿಂದ ಈಚೆಗೆ ಈ ಅಪರಾಧಕ್ಕೆ 15 ವರ್ಷದವರೆಗೆ ಜೈಲು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹಾರಿಸಿದರೂ ಅದು ನಿಮ್ಮ ಕೈಯಲ್ಲಿ ಇದ್ದ ಹಾಗೇ ಲೆಕ್ಕ. ಬೇಸಿಗೆಯಲ್ಲಿ ಬಿ-2 ಪ್ರವಾಸಿ ವೀಸಾದಲ್ಲಿ ಬಂದ ಅಪ್ಪನ ಕೈಗೆ ಸುಮ್ನೆ ಒಂದು ಫೋಟೋಗೆ ಅಂತ ರೈಫಲ್ ಕೊಡಬೇಡಿ. ಆ ಫೋಟೋ ಫ್ಯಾಮಿಲಿ ಗ್ರೂಪಿಗೆ ಹೋದರೆ ಅದೇ ಸಾಕ್ಷಿ. ನಿಮ್ಮ ಸ್ಥಿತಿ ಏನು ಅಂತ ಅನುಮಾನ ಇದ್ದರೆ ಇಮಿಗ್ರೇಷನ್ ವಕೀಲರನ್ನು ಕೇಳಿ, ಅಂಗಡಿಯವರನ್ನಲ್ಲ.

ಕೆಲಸ ಬದಲಾಯಿಸಿ ಊರೂರು ಸುತ್ತುವವರು ಇನ್ನೊಂದು ಯೋಚಿಸಬೇಕು. ಟೆಕ್ಸಾಸಿನಲ್ಲಿ ಕೊಂಡ ಎಆರ್ ಅನ್ನು ಹಾಗೇ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್ ರಾಜ್ಯಗಳಿಗೆ ಒಯ್ದರೆ ಅಲ್ಲಿನ ಕಾನೂನಿಗೆ ಸಿಕ್ಕಿಹಾಕಿಕೊಳ್ಳಬಹುದು. ಮರದ ಹಿಡಿಯ ಸಾದಾ 10/22ಗೆ ಈ ತಲೆನೋವು ಕಡಿಮೆ, ಆದರೂ ಹೋಗುವ ರಾಜ್ಯದ ನಿಯಮ ಓದಿಕೊಂಡೇ ಹೋಗಿ.

ಕೊನೆಯದಾಗಿ ಬೆಂಗಳೂರಿಗೆ ಹೊರಡುವವರಿಗೆ. ರೇಂಜಿಗೆ ಒಯ್ದ ಬ್ಯಾಕ್‌ಪ್ಯಾಕನ್ನೇ ಊರಿಗೆ ತಂದು, ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡು ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಗುಂಡು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಗೊತ್ತಿಲ್ಲದೆ ಬ್ಯಾಗಿನಲ್ಲಿ ಉಳಿದಿತ್ತು ಅಂತ ಕೋರ್ಟಿನಲ್ಲಿ ಹೇಳಬಹುದು, ಆದರೆ ಅಲ್ಲಿಯವರೆಗೆ ಪೊಲೀಸ್ ಠಾಣೆ, ವಕೀಲರು, ತಪ್ಪಿದ ವಿಮಾನ ಎಲ್ಲ ನಿಮ್ಮ ತಲೆಯ ಮೇಲೇ. ರೇಂಜಿಗೆ ಒಂದು ಬ್ಯಾಗ್ ಬೇರೆಯೇ ಇಡಿ. ಅದನ್ನು ಗ್ಯಾರೇಜಿನಲ್ಲೇ ಇಟ್ಟು, ಬೇರೆ ಯಾವ ಕೆಲಸಕ್ಕೂ ಬಳಸಬೇಡಿ. ಮನೆಯವರಿಗೂ ಹೇಳಿಡಿ, ಪ್ಯಾಕಿಂಗ್ ಗಡಿಬಿಡಿಯಲ್ಲಿ ಅವರೇ ಅದನ್ನು ಎತ್ತಿಕೊಂಡು ಬಟ್ಟೆ ತುಂಬುವುದು ಜಾಸ್ತಿ.