ಬಾಲ್ಸಾ ಹಾಳೆಯ ಸಾಂದ್ರತೆ: ತಕ್ಕಡಿ, ನೀರು, ಬೆಳಕು

ಮಾದರಿ ವಿಮಾನ ಕಟ್ಟಲು ಬಳಸುವ ಬಲು ಹಗುರವಾದ ಬಾಲ್ಸಾ ಮರದ ಸಾಂದ್ರತೆ ಘನ ಮೀಟರಿಗೆ ಸುಮಾರು 60 ಕಿಲೋದಿಂದ 300 ಕಿಲೋದವರೆಗೂ ಇರುತ್ತದೆ. ರಬ್ಬರಿನ ಬಲದಿಂದ ಒಳಾಂಗಣದಲ್ಲಿ ಹಾರುವ ಮಾದರಿ ವಿಮಾನಕ್ಕೆ ಇದರಲ್ಲಿ ಒಗ್ಗುವುದು 65ರಿಂದ 100ರ ನಡುವಿನ ಮರ ಮಾತ್ರ. ನಾನು ಬೆಂಗಳೂರಿನಲ್ಲಿ ಕೊಂಡ, ಈ ಮರದ ತೆಳು ಹಾಳೆಗಳ ಮೇಲೆ ದಪ್ಪ ಬರೆದಿತ್ತೇ ಹೊರತು ಸಾಂದ್ರತೆ ಬರೆದಿರಲಿಲ್ಲವಾದ್ದರಿಂದ, ಮನೆಯಲ್ಲೇ ಅದನ್ನು ಅಳೆಯುವ ಕೆಲವು ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ.

ಮೊದಲನೆಯದು ಇಡೀ ಹಾಳೆಯನ್ನು ತೂಗಿ, ಅಳತೆಗಳಿಂದ ಗಾತ್ರ ಕಂಡುಕೊಳ್ಳುವುದು. ಅಡುಗೆಮನೆಯ ತಕ್ಕಡಿ ಗ್ರಾಮಿಗಿಂತ ಸಣ್ಣದನ್ನು ತೋರಿಸುವುದಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವಂಥ, ಚಿನ್ನ ತೂಗಲು ಬಳಸುವ, 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಮೂವತ್ತಾರು ಇಂಚಿನ ಹಾಳೆ ಅದರ ತಟ್ಟೆಯ ಮೇಲೆ ನಿಲ್ಲದೆ ತುದಿ ಬಾಗಿ ಮೇಜಿಗೆ ತಗಲುತ್ತದೆ. ಅದಕ್ಕೆ ತಟ್ಟೆಯ ಮೇಲೆ ಸಣ್ಣ ಪ್ಲಾಸ್ಟಿಕ್ ಲೋಟವೊಂದನ್ನು ಬೋರಲಾಗಿ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಹಾಳೆಯ ನಡುಭಾಗ ಲೋಟದ ಮೇಲೆ ಬರುವಂತೆ ಇಡುತ್ತೇನೆ. ಫ್ಯಾನ್ ಆರಿಸದಿದ್ದರೆ ಅಂಕಿ ಒಂದೆಡೆ ನಿಲ್ಲುವುದೇ ಇಲ್ಲ.

ಆದರೆ ಈ ವಿಧಾನದ ಸೂಕ್ಷ್ಮವಿರುವುದು ತೂಕದಲ್ಲಲ್ಲ, ದಪ್ಪದಲ್ಲಿ. ಇಂಚಿನ ಮೂವತ್ತೆರಡನೇ ಒಂದು ಭಾಗ, ಅಂದರೆ 0.79 ಮಿ.ಮೀ. ಎಂದು ಮಾರಿದ, ಮೂರಿಂಚು ಅಗಲದ ಹಾಳೆಯೊಂದು 5.1 ಗ್ರಾಂ ತೂಗಿತು. ನಮೂದಿಸಿದ ದಪ್ಪವನ್ನೇ ನಂಬಿದರೆ ಸಾಂದ್ರತೆ ಘನ ಮೀಟರಿಗೆ 92 ಕಿಲೋ. ತಿರುಪು ತಿರುಗಿಸಿ ದಪ್ಪ ಅಳೆಯುವ ಸ್ಕ್ರೂ ಗೇಜಿನಲ್ಲಿ ಹಲವು ಕಡೆ ಅಳೆದಾಗ ಸರಾಸರಿ ದಪ್ಪ 0.86 ಮಿ.ಮೀ. ಬಂದು, ಅದೇ ಹಾಳೆ 85 ಕಿಲೋಗೆ ಇಳಿಯಿತು. ಪಿಯುಸಿ ಪ್ರಯೋಗಾಲಯದಲ್ಲಿ ಕಂಡ ಈ ಸ್ಕ್ರೂ ಗೇಜು ವರ್ನಿಯರ್ ಕ್ಯಾಲಿಪರಿಗಿಂತ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಕ್ಯಾಲಿಪರಿನ ಕಿರಿದಾದ ದವಡೆ ಮೆದು ಮರವನ್ನು ಸುಲಭವಾಗಿ ಒತ್ತಿ ಕಡಿಮೆ ದಪ್ಪ ತೋರಿಸುತ್ತದೆ. ಹಾಳೆಯ ಎರಡೂ ಬದಿಗೆ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿ ಇಟ್ಟು ಅಳೆದು, ಗಾಜಿನ ದಪ್ಪ ಕಳೆದರೆ ಒತ್ತಡ ಹರಡಿಕೊಂಡು ಅಂಕಿ ಇನ್ನೂ ನಂಬುವಂತಾಗುತ್ತದೆ.

ಹಾಳೆಯಿಂದ ಸಣ್ಣ ಚೌಕ ಕತ್ತರಿಸಿ ತೂಗುವ ಎರಡನೆಯ ವಿಧಾನ ಈ ತಕ್ಕಡಿಗೆ ಆಗದ ಮಾತು. ಸರಿಯಾಗಿ 0.79 ಮಿ.ಮೀ. ದಪ್ಪವಿರುವ, 80 ಕಿಲೋ ಸಾಂದ್ರತೆಯ ಹಾಳೆಯಲ್ಲಿ ಎರಡು ಸೆಂ.ಮೀ. ಚೌಕದ ತೂಕ ಸುಮಾರು 25 ಮಿಲಿಗ್ರಾಂ ಇರುವುದರಿಂದ ತಕ್ಕಡಿ 0.02 ಅಥವಾ 0.03 ಎನ್ನುತ್ತದೆ, ಲೆಕ್ಕ 63ಕ್ಕೋ 95ಕ್ಕೋ ಹೋಗಿ ನಿಲ್ಲುತ್ತದೆ. ಮಿಲಿಗ್ರಾಂ ತೋರಿಸುವ ತಕ್ಕಡಿ ಇದ್ದವರಿಗಷ್ಟೇ ಇದು ಉಪಯುಕ್ತ.

ನೀರಿನಲ್ಲಿ ತೇಲಿಸಿ, ಮುಳುಗಿದ ಭಾಗ ಒಟ್ಟು ಉದ್ದದ ಎಷ್ಟನೇ ಪಾಲು ಎಂದು ನೋಡುವ ವಿಧಾನ ತಕ್ಕಡಿಯನ್ನೇ ಬೇಡುವುದಿಲ್ಲ, ತತ್ತ್ವವೂ ಸೊಗಸಾಗಿದೆ. ಆದರೆ ಇಷ್ಟು ಹಗುರ ಮರಕ್ಕೆ ಅದು ಸಲ್ಲದು. ಹತ್ತು ಸೆಂ.ಮೀ. ಕಡ್ಡಿ ನೇರ ನಿಲ್ಲಲು ಕಿರಿದಾದ ಕೊಳವೆ ಬೇಕು. ನಿಂತರೂ ಮುಳುಗುವುದು ಎಂಟು ಮಿ.ಮೀ. ಆಸುಪಾಸು, ಅದರಲ್ಲಿ ನೀರು ಕಡ್ಡಿಯ ಅಂಚಿಗೆ ಏರಿ ಒಂದೆರಡು ಮಿ.ಮೀ. ಗೊಂದಲ ಮಾಡುತ್ತದೆ. ಅಷ್ಟರಲ್ಲಿ ತುದಿ ನೀರು ಹೀರಿಕೊಂಡು ಕಡ್ಡಿಯೇ ಭಾರವಾಗಿರುತ್ತದೆ.

ಗಾಳಿಯ ತೇವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಾರ್ಚಿನ ಒಣ ಹವೆಯಲ್ಲಿ ತೂಗಿದ ಹಾಳೆ ಮಳೆಗಾಲದಲ್ಲಿ ಹೆಚ್ಚು ತೂಗುವುದರಿಂದ, ಹೋಲಿಸಬೇಕಾದ ಹಾಳೆಗಳನ್ನೆಲ್ಲ ಒಂದೇ ದಿನ ತೂಗುವುದು ಒಳ್ಳೆಯದು. (ಗಾಳಿಯ ಎತ್ತುಬಲದಿಂದಲೂ ಇಂಥ ಮರದ ತೂಕ ಶೇಕಡಾ ಒಂದರಷ್ಟು ಕಡಿಮೆ ಕಾಣುತ್ತದೆ, ಎಲ್ಲ ಹಾಳೆಗಳಿಗೂ ಅದು ಹೆಚ್ಚುಕಡಿಮೆ ಸಮನಾದ್ದರಿಂದ ನಾನು ಬಿಟ್ಟಿದ್ದೇನೆ.)

ಹೀಗಾಗಿ ನನ್ನ ಆಯ್ಕೆ ಇಡೀ ಹಾಳೆಯ ತೂಕ ಮತ್ತು ಸ್ಕ್ರೂ ಗೇಜು. ಅವು ಕೊಡುವುದು ಸರಾಸರಿಯನ್ನು ಮಾತ್ರ. ಹಾಳೆಯೊಳಗಿನ ಏರಿಳಿತ ತಿಳಿಯಲು ಟ್ಯೂಬ್‌ಲೈಟಿನ ಮುಂದೆ ಹಿಡಿದು ನೋಡಬೇಕು. ದಪ್ಪ ಒಂದೇ ಇರುವಲ್ಲಿ ದಟ್ಟವಾದ ಮರ ಕಪ್ಪಗೆ ಕಾಣುತ್ತದೆ. ಅಂಥ ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿಟ್ಟು, ಎಡ ಮತ್ತು ಬಲ ರೆಕ್ಕೆಯ ಕಡ್ಡಿಗಳನ್ನು ಗುರುತಿಲ್ಲದ ಕಡೆಯಿಂದ, ಅಕ್ಕಪಕ್ಕದ ಪಟ್ಟಿಗಳಾಗಿ ಸೀಳಿಕೊಳ್ಳುತ್ತೇನೆ.