ಮೂರು ದಾರದ ಟ್ರೈನರ್ ಕೈಟ್, 2.5 ಚದರ ಮೀಟರ್: ದುರ್ಗದ ಗಾಳಿಯಲ್ಲಿ ದೀರ್ಘ ಬಳಕೆಯ ನಂತರ

ಕೈಟ್‌ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟದ ಎಳೆತಕ್ಕೆ ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ, ಕಲಿಯಲು ರಾಮೇಶ್ವರಕ್ಕೆ ಹೊರಡುವವರು ನೀರಿಗಿಳಿಯುವ ಮೊದಲು ಕೈ ಪಳಗಿಸಿಕೊಳ್ಳಲು ಚಿತ್ರದುರ್ಗದ ಬಯಲೇ ಸಾಕು. ಆಷಾಢದಲ್ಲಂತೂ ಗಾಳಿ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇವೆ: ಹೊಸಬರಿಗೆ ಕಲಿಸಲು ಕೊಳ್ಳುವುದಾದರೆ 3 ಚದರ ಮೀಟರಿನದಕ್ಕೆ ಆಸೆಪಡಬೇಡಿ, ಎರಡು ದಾರದ್ದು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಇಲ್ಲಿ ಬರೆದಿರುವುದು 2.5 ಚದರ ಮೀಟರಿನ, ಮೂರು ದಾರದ, ಬಟ್ಟೆಯ ಕೋಣೆಗಳಲ್ಲಿ ಗಾಳಿ ತುಂಬಿಕೊಂಡು ಹಾರುವ ಫಾಯಿಲ್ ಕೈಟ್ ಬಗ್ಗೆ. ಕಲಿಕೆಗೆಂದೇ ಮಾಡಿದ ಇಂಥ ಸಣ್ಣ ಕೈಟೇ ಟ್ರೈನರ್. ದಾರ 20 ಮೀಟರ್.

ಅಳತೆಯ ಲೆಕ್ಕ ಸುಲಭ. ಗಾಳಿಯ ವೇಗ ಒಂದೂವರೆ ಪಟ್ಟಾದರೆ ಎಳೆತ ಎರಡೂಕಾಲು ಪಟ್ಟಾಗುತ್ತದೆ. 10 ನಾಟ್, ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್ ಗಾಳಿಯಲ್ಲಿ ಆರಾಮಾಗಿ ಹಾರಿಸುತ್ತಿದ್ದವರು 15 ನಾಟ್‌ನ ಒಂದು ಬೀಸಿಗೆ ಮುಗ್ಗರಿಸುತ್ತಾರೆ. ದೊಡ್ಡ ಕೈಟ್‌ನಲ್ಲಿ ಬಾರ್, ಅಂದರೆ ದಾರ ಕಟ್ಟಿ ಕೈಯಲ್ಲಿ ಹಿಡಿಯುವ ಕೋಲನ್ನು, ದೂರ ತಳ್ಳಿ ಎಳೆತ ತಗ್ಗಿಸಬಹುದು, ಟ್ರೈನರ್‌ನಲ್ಲಿ ಆ ಸೌಲಭ್ಯ ಇಲ್ಲ. ಹೊಸಬರಿಗೆ 2.5 ಕೊಟ್ಟು 8ರಿಂದ 14 ನಾಟ್‌ವರೆಗೆ ನೆಮ್ಮದಿಯಾಗಿ ಕಲಿಸಬಹುದು. 18 ದಾಟಿದರೆ ಮಡಚಿಡಿ. ಕೈಯಲ್ಲಿ ಹಿಡಿಯುವ ಗಾಳಿಮಾಪಕ ಒಂದಿರಲಿ. ಜೋಗಿಮಟ್ಟಿಯ ಗಾಳಿಯಂತ್ರ ತಿರುಗುವುದನ್ನು ನೋಡಿ ಅಂದಾಜು ಹಾಕುವವರಿದ್ದಾರೆ. ಬೆಟ್ಟದ ತಲೆಯ ಮೇಲಿನ ಗಾಳಿಗೂ ನಿಮ್ಮ ಹೊಲದ ಗಾಳಿಗೂ ಸಂಬಂಧವಿಲ್ಲ.

ಈ ಕೈಟ್‌ನ ಜೀವ ಮೂರನೇ ದಾರದಲ್ಲಿದೆ. ಅಕ್ಕಪಕ್ಕದ ಎರಡು ದಾರ ಬಾರ್‌ನ ತುದಿಗಳಿಗೆ, ನಡುವಿನದು ಬಾರ್‌ನ ತೂತಿನಲ್ಲಿ ಹಾದು ಮಣಿಕಟ್ಟಿನ ಪಟ್ಟಿಗೆ. ಗಾಬರಿಯಾದಾಗ ಬಾರ್ ಬಿಟ್ಟರೆ ಇಡೀ ಎಳೆತ ನಡುದಾರಕ್ಕೆ ಬಂದು, ಕೈಟ್‌ನ ಹಿಂದಿನ ಅಂಚು ಮಡಚಿ, ಗಾಳಿ ಹಿಡಿಯದೆ ಅದು ನೆಲಕ್ಕೆ ಬೀಳುತ್ತದೆ. ಅಗ್ಗದ ಎರಡು ದಾರದವುಗಳಲ್ಲಿ ಒಂದೊಂದು ಕೈಗೂ ಒಂದೊಂದು ಪಟ್ಟಿ ಸಿಕ್ಕಿಸುವ ಮಾದರಿ ಇದೆ. ಬಿಡಬೇಕೆಂದರೂ ಕೈ ಬಿಡಿಸಿಕೊಳ್ಳಲು ಆಗದು. ಇನ್ನೊಂದು ಲಾಭವೂ ಉಂಟು. ಮೂತಿ ನೆಲಕ್ಕಿಟ್ಟು ಬಿದ್ದ ಕೈಟನ್ನು ನಡುದಾರ ಜಗ್ಗಿ ಹಿಮ್ಮುಖವಾಗಿ ಎಬ್ಬಿಸಿ, ಒಂದು ಬದಿ ಎಳೆದು ತಿರುಗಿಸಬಹುದು. ಅದಿಲ್ಲದಿದ್ದರೆ ಬಿದ್ದಾಗಲೆಲ್ಲ ಯಾರಾದರೂ 20 ಮೀಟರ್ ಓಡಬೇಕು, ಮತ್ತು ಹೊಸಬರ ಕೈಯಲ್ಲಿ ಅದು ಬೀಳುತ್ತಲೇ ಇರುತ್ತದೆ.

ಆದರೆ ನಡುದಾರದ ಉದ್ದ ಸರಿಯಿರಬೇಕು. ಬಿಗಿಯಾದರೆ ಕೈಟ್ ತಲೆಯ ಮೇಲೆ ನಿಂತು ನಡುಗುತ್ತದೆ, ಹಿಂದಕ್ಕೆ ಜಾರುತ್ತದೆ. ಹಾರುವಾಗ ಅದು ಸ್ವಲ್ಪ ಬಾಗಿ, ಸಡಿಲವಾಗಿ ತೂಗುತ್ತಿರಬೇಕು. ಅಕ್ಕಪಕ್ಕದ ದಾರಗಳು ಹೊಸದರಲ್ಲಿ ಸಮ ಇರುತ್ತವೆ, ಬಳಸುತ್ತ ಬಳಸುತ್ತ ಹೆಚ್ಚು ಎಳೆತ ಬಿದ್ದದ್ದು ಹಿಗ್ಗುತ್ತದೆ. ಬಾರ್ ಸಮ ಹಿಡಿದರೂ ಕೈಟ್ ಒಂದೇ ಕಡೆ ವಾಲಿದರೆ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿ, ಜಗ್ಗಿ, ತುದಿ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಬಾರ್ ತುದಿಯ ಗಂಟನ್ನು ಒಂದು ಮನೆ ಸರಿಸಿದರೆ ಸಾಕು.

ಜಾಗದ ವಿಷಯ. ಊರೊಳಗಿನ ಮೈದಾನ, ದಾವಣಗೆರೆಯದಾಗಲಿ ದುರ್ಗದ್ದಾಗಲಿ, ಬೇಡವೇ ಬೇಡ: ಕರೆಂಟಿನ ತಂತಿ, ಕಟ್ಟಡದ ಮರೆಯ ಸುಳಿಗಾಳಿ. ಕೋಟೆಗುಡ್ಡದ ಮರೆಯೂ ಹಾಗೆಯೇ. ಚಳ್ಳಕೆರೆ ಕಡೆಯ ಕಾವಲು ಬಯಲು ಕಂಡರೆ ಬಾಯಲ್ಲಿ ನೀರೂರುತ್ತದೆ, ಆದರೆ ಡಿಆರ್‌ಡಿಒ, ಇಸ್ರೋದವರ ಬೇಲಿಯ ಹತ್ತಿರ ಸುಳಿಯಬೇಡಿ. ರೈತರನ್ನು ಕೇಳಿ ಒಂದು ಬೀಳುಹೊಲ ಹುಡುಕುವುದೇ ಮೇಲು. ಗಾಳಿ ಹೋಗುವ ದಿಕ್ಕಿಗೆ 60 ಮೀಟರ್ ಖಾಲಿ ಇರಲಿ. ಮೆಕ್ಕೆಜೋಳ ಕೊಯ್ದ ಹೊಲ ಬೇಡ, ಕೂಳೆ ಬಟ್ಟೆ ಹರಿಯುತ್ತದೆ.

ಅದಕ್ಕಿಂತ ದೊಡ್ಡ ಶತ್ರು ಬಳ್ಳಾರಿ ಜಾಲಿ. ಮುಳ್ಳು ಬಟ್ಟೆಗೆ ಮಾಡುವುದು ಸಣ್ಣ ತೂತು, ರಿಪೇರಿ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಎರಡೂ ಬದಿಗೆ ಅಂಟಿಸಿದರೆ ಮುಗಿಯಿತು. ಆದರೆ ಸೂತ್ರದ ದಾರಗಳಿಗೆ ಮುಳ್ಳು ಸಿಕ್ಕಿಕೊಂಡಾಗ ಅವಸರದಿಂದ ಎಳೆದರೆ ಹೊಲಿಗೆಯೇ ಕಿತ್ತು ಬರುತ್ತದೆ, ಒಂದೊಂದಾಗಿ ಬಿಡಿಸಬೇಕು. ಕೆಂಪುಮಣ್ಣಿನ ಗರಸು ಬಾರ್‌ನ ನಡುತೂತಿಗೆ ಸೇರಿ ಅರದಂತೆ ಉಜ್ಜುತ್ತದೆ. ಅಲ್ಲಿ ನಡುದಾರದ ಹೊದಿಕೆ ಮೊದಲು ನಯ ಕಳೆದುಕೊಂಡು, ಆಮೇಲೆ ಹತ್ತಿಯಂತೆ ಎಳೆ ಎಬ್ಬಿಸಿತು. ಬಾರ್ ತೊಳೆದಿಟ್ಟರೆ ತಡವಾಗಿ ಸವೆಯುತ್ತದೆ, ಸವೆಯದೇ ಇರುವುದಿಲ್ಲ. ದಾರ ಡೈನೀಮಾ ಎಂಬ ಬಲು ಗಟ್ಟಿ ಪ್ಲಾಸ್ಟಿಕ್ ನಾರಿನದು. ಎಷ್ಟು ಗಟ್ಟಿಯೋ ಬಿಸಿಗೆ ಅಷ್ಟೇ ಮೆತ್ತಗೆ: 150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಹುಡುಗರ ಗಾಳಿಪಟದ ದಾರ ಒಂದೇ ಜಾಗದಲ್ಲಿ ಉಜ್ಜಿದರೆ ಇದೇ ಕತ್ತರಿಸಿಹೋಗುತ್ತದೆ, ಮಾಂಜಾ ಆದರಂತೂ ಕೇಳಲೇಬೇಡಿ. ಬಿಗಿದ ದಾರವನ್ನು ಬರಿಗೈಲಿ ಹಿಡಿಯಬಾರದು, ಚರ್ಮ ಸೀಳುತ್ತದೆ. ಬಟ್ಟೆ ಹಳತಾಗಿದೆಯೇ ತಿಳಿಯಲು ತುಟಿಗೆ ಒತ್ತಿ ಉಸಿರೆಳೆಯಿರಿ. ಗಾಳಿ ಸಲೀಸಾಗಿ ಬಂದರೆ ಬಿಸಿಲು ಅದರ ಲೇಪ ತಿಂದಿದೆ ಎಂದರ್ಥ.

ಈ ಕೈಟ್ ಕಲಿಸುವ ಒಂದು ಕೆಟ್ಟ ಚಾಳಿಯೂ ಇದೆ. ಹೆದರಿದವರು ಬಾರನ್ನು ಎದೆಗೆ ಎಳೆದುಕೊಳ್ಳುತ್ತಾರೆ. ಟ್ರೈನರ್‌ನಲ್ಲಿ ಅದರಿಂದ ಏನೂ ಆಗುವುದಿಲ್ಲ. ನಾಲ್ಕು ದಾರದ ದೊಡ್ಡ ಕೈಟ್‌ನಲ್ಲಿ ಹಾಗೆ ಎಳೆದರೆ ಎಳೆತ ಇನ್ನೂ ಏರಿ ಆಳನ್ನೇ ಎತ್ತೊಗೆಯುತ್ತದೆ. ಆದ್ದರಿಂದ ಮೊದಲ ಪಾಠವೇ ಬಾರ್ ಬಿಡುವುದು. ಕೈಟ್ ತಲೆಯ ಮೇಲೆ ನಿಂತಿರುವಾಗಲೇ "ಬಿಡಿ" ಎಂದು ಕೂಗಿ ಬಿಡಿಸಿ, ಅಭ್ಯಾಸವಾಗುವವರೆಗೆ. ಎಡ, ಬಲ, ಎಂಟರ ಆಕಾರ ಎಲ್ಲ ಆಮೇಲೆ.

ನೀರಿನ ಮೇಲೆ ಇದನ್ನು ಪ್ರಯತ್ನಿಸಬೇಡಿ: ಬಾಯಿ ತೆರೆದ ಕೋಣೆಗಳು ನೀರು ಕುಡಿದು ಭಾರವಾಗಿ ಮತ್ತೆ ಏಳುವುದಿಲ್ಲ. ವಾಣಿವಿಲಾಸ ಸಾಗರದ ಹಿನ್ನೀರು ಕಂಡು ಮನಸ್ಸಾದರೂ ಸರಿ. ಕೊಳ್ಳುವಾಗಲೇ ಒಂದು ಜೊತೆ ದಾರ, ಒಂದು ನಡುದಾರ, ಎರಡು ಸುರುಳಿ ಟೇಪ್ ಜೊತೆಗೆ ತರಿಸಿಕೊಳ್ಳಿ. ಬಿಡಿಭಾಗ ಇಲ್ಲಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ತರಿಸುವಷ್ಟರಲ್ಲಿ ಗಾಳಿಕಾಲ ಮುಗಿದಿರುತ್ತದೆ.