ಕಿಚನ್ ಕಪಾಟಿನ ಬಾಕ್ಸ್ ಹೊರಗೆ ಮಾಡಿಸುವವರೇ, ಒಂದು ತುಂಡು ಪ್ಲೈವುಡ್ ಕುದಿಸಿ ನೋಡಿ

ಕೋಪ ಇಳಿದ ಮೇಲೆ ಬರೆಯೋಣ ಅಂತ ಎರಡು ವಾರ ಕಾದೆ. ಇಳಿದಿಲ್ಲ. ಹಾಗೇ ಬರೆಯುತ್ತಿದ್ದೇನೆ.

ಬೆಂಗಳೂರಲ್ಲಿ ಸಣ್ಣದಾಗಿ ಇಂಟೀರಿಯರ್ ಕೆಲಸ ಮಾಡುತ್ತೇನೆ. ಸ್ವಂತ ಮೆಷಿನ್ ಇಲ್ಲ. ಕಟಿಂಗ್, ಪ್ರೆಸ್ಸಿಂಗ್, ಎಡ್ಜ್ ಬ್ಯಾಂಡಿಂಗ್ ಎಲ್ಲ ಹೊರಗೆ. ಮೊದಲು ಮೈಸೂರು ರಸ್ತೆ ಟಿಂಬರ್ ಯಾರ್ಡ್‌ನಲ್ಲಿ ನಾನೇ ನಿಂತು ಪ್ಲೈ ಆರಿಸಿ ಕಳಿಸುತ್ತಿದ್ದೆ. ಈ ಸಲ ಒಬ್ಬ ವೆಂಡರ್, "ಮೆಟೀರಿಯಲ್ ಸಮೇತ ನಮಗೇ ಬಿಡಿ ಸರ್, ನೀವು ಸುಮ್ನೆ ಫಿಟ್ಟಿಂಗ್ ನೋಡ್ಕೊಳ್ಳಿ" ಅಂದ. ಕಾರ್ಡಿನ ಮೇಲೆ ಪೀಣ್ಯದ ಫ್ಯಾಕ್ಟರಿ ವಿಳಾಸ. ಚದರಡಿಗೆ 150 ರೂಪಾಯಿ ಕಡಿಮೆ. ಮೂರು ಸೈಟ್ ಒಟ್ಟಿಗೆ ನಡೆಯುತ್ತಿತ್ತು, ಓಡಾಟ ತಪ್ಪುತ್ತಲ್ಲ ಅಂತ ಒಪ್ಪಿಕೊಂಡೆ. 60 ಪರ್ಸೆಂಟ್ ಅಡ್ವಾನ್ಸ್ ಬೇರೆ!

ಕೊಟೇಶನ್‌ನಲ್ಲಿ ಬಿಡಬ್ಲ್ಯೂಪಿ, ಐಎಸ್ 710 ಅಂತಲೇ ಇತ್ತು, ಅಂದರೆ ಕುದಿಯುವ ನೀರಿಗೂ ಜಗ್ಗದ ಪ್ಲೈನ ಗ್ರೇಡ್. ತೋರಿಸಿದ ಸ್ಯಾಂಪಲ್ ಮೇಲೆ ಸೀಲೂ ಇತ್ತು. ಬಂದ ಬಾಕ್ಸ್‌ಗಳಿಗೆ ಎರಡೂ ಕಡೆ ಲ್ಯಾಮಿನೇಟ್, ಅಂಚಿಗೆ ಬ್ಯಾಂಡ್. ಒಳಗೇನಿದೆ ಅಂತ ಯಾರಿಗೆ ಕಾಣುತ್ತೆ?

ಗೃಹಪ್ರವೇಶ ಆಗಿ ಐದು ತಿಂಗಳಿಗೆ ಆ ಬಾಕ್ಸ್ ಹಾಕಿದ ಮನೆಯ ಅಮ್ಮ ಫೋನ್ ಮಾಡಿದರು. ಹೋಗಿ ನೋಡಿದರೆ ಸಿಂಕ್ ಕೆಳಗಿನ ತಳ ನೆನೆದ ಅವಲಕ್ಕಿ ತರ ಊದಿಕೊಂಡಿದೆ. ಹಿಂಜ್ ಸ್ಕ್ರೂ ಕೈಯಲ್ಲೇ ಬಂತು. ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಅದು ಇನ್ನೂ ಕಷ್ಟ. ಒಂದು ತುಂಡು ಕತ್ತರಿಸಿ ತಂದು ಮನೆಯಲ್ಲಿ ಕುದಿಸಿದೆ. 710 ಅಂದರೆ 72 ಗಂಟೆ ಕುದಿಸಿದರೂ ಅಂಟು ಬಿಡಬಾರದು. ಇದು ಒಂದೇ ಗಂಟೆಗೆ ಪದರ ಪದರ ಬಿಟ್ಟುಕೊಂಡಿತು. ಅಂಟಿನ ಗೆರೆಯೂ ಬೆಳ್ಳಗೆ. 710ಗೆ ಹಾಕುವ ಫೀನಾಲ್ ಅಂಟಾಗಿದ್ದರೆ ಕಡು ಕಂದು ಇರಬೇಕಿತ್ತು. ಬಾಗಿಲುಗಳು ಬಂದ ದಿನ ಹಿಂಜ್ ಕೂರಿಸಲು ಕೊರೆದ ತೂತಿನಲ್ಲಿ ಒಂದು ಸಲ ಇಣುಕಿದ್ದರೆ ಸಾಕಿತ್ತು, ಅಲ್ಲೇ ಕಾಣುತ್ತಿತ್ತು. 15 ವರ್ಷ ಇದೇ ಕೆಲಸ ಮಾಡಿದವನು ನಾನು. ಇಣುಕಲಿಲ್ಲ.

ವೆಂಡರ್‌ಗೆ ಫೋನ್ ಮಾಡಿದೆ. "ಕಸ್ಟಮರ್ ನೀರು ಚೆಲ್ಲಿರ್ತಾರೆ ಸರ್." ಸಿಂಕ್ ಕೆಳಗೆ ನೀರು ಬೀಳದೆ ಇನ್ನೇನು ಬೀಳುತ್ತೆ ಸ್ವಾಮಿ? ಫೋಟೋ ಕಳಿಸಿದೆ, ನೀಲಿ ಟಿಕ್ ಬಂತು, ಉತ್ತರ ಇಲ್ಲ. ಪೀಣ್ಯಕ್ಕೇ ಹೋದೆ. ಫ್ಯಾಕ್ಟರಿ ಎಲ್ಲಿದೆ? ಒಂದು ಟೇಬಲ್, ನಾಲ್ಕು ಲ್ಯಾಮಿನೇಟ್ ಕ್ಯಾಟಲಾಗ್. ನಾನು ಅವನಿಗೆ ಕೊಟ್ಟಿದ್ದ ಕೆಲಸವನ್ನು ಅವನು ಕುಂಬಳಗೋಡು ಕಡೆಯ ಶೆಡ್ಡಿಗೆ ಕೊಟ್ಟಿದ್ದ. ಹುಡುಕಿಕೊಂಡು ಅಲ್ಲಿಗೂ ಹೋದೆ. "ನಮಗೆ ಕಮರ್ಷಿಯಲ್ ಪ್ಲೈ ಅಂತಾನೇ ಆರ್ಡರ್ ಬಂದಿದ್ದು ಅಣ್ಣ" ಅಂದರು ಪಾಪ, ಆರ್ಡರ್ ಚೀಟಿಯನ್ನೂ ತೋರಿಸಿದರು. ಕಮರ್ಷಿಯಲ್ ಅಂದರೆ ನೀರು ತಡೆಯದ ಅಗ್ಗದ ಪ್ಲೈ.

ಚೀಟಿಯ ಫೋಟೋ ಕಳಿಸಿದ ಮೇಲೆ ವೆಂಡರ್ ತಾನೇ ಫೋನ್ ಮಾಡಿದ. "ಆ ರೇಟಿಗೆ 710 ಬರಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ ಸರ್?"

ಗೊತ್ತಿತ್ತು. ಕಸ್ಟಮರ್‌ಗಳಿಗೆ ಈ ಮಾತನ್ನು ದಿನಾ ಹೇಳೋನು ನಾನೇ. ಅದಕ್ಕೇ ರಾತ್ರಿ ನಿದ್ದೆ ಬರುತ್ತಿಲ್ಲ.

ಅವನು ಕೊಟ್ಟ ಬಿಲ್ಲಿನಲ್ಲಿ "ಮಾಡ್ಯುಲರ್ ಕಿಚನ್ 1 ಸೆಟ್" ಅಂತಷ್ಟೇ ಇದೆ, ಗ್ರೇಡ್ ಇಲ್ಲ. ಅವನು ರಿಟರ್ನ್ ಫೈಲ್ ಮಾಡದ ಕಾರಣ ನಾನು ಕಟ್ಟಿದ 18 ಪರ್ಸೆಂಟ್ ಜಿಎಸ್‌ಟಿ ನನ್ನ 2ಬಿ, ಅಂದರೆ ಕ್ರೆಡಿಟ್ ಸಿಗುವ ತೆರಿಗೆಯ ಪಟ್ಟಿಯಲ್ಲೂ ಬಂದಿಲ್ಲ. ಪ್ಲೈ ನೀವೇ ಕೊಳ್ಳಿ. ಕಟಿಂಗ್ ದಿನ ಹೋಗಿ ನಿಲ್ಲಿ. ಬಿಲ್ಲಿನಲ್ಲಿ ಗ್ರೇಡ್ ಬರೆಸದೆ ಬಾಕಿ ದುಡ್ಡು ಬಿಡಬೇಡಿ. "ಎಲ್ಲಾ ನಾವೇ ನೋಡ್ಕೋತೀವಿ" ಅಂದವನ ಹತ್ತಿರ ಕಾಫಿ ಕೂಡ ಕುಡಿಯಬೇಡಿ.

ನಾನು ಆ ಕಿಚನ್ ಕಿತ್ತು ನನ್ನ ದುಡ್ಡಲ್ಲಿ ಮತ್ತೆ ಮಾಡಿಸುತ್ತಿದ್ದೇನೆ. ಹಳೇ ಕಿಚನ್ ಫೋಟೋ ಅವನ ವಾಟ್ಸಾಪ್ ಸ್ಟೇಟಸ್‌ನಲ್ಲಿ ನಿನ್ನೆ ಕೂಡ ಇತ್ತು, "ನಮ್ಮ ಫ್ಯಾಕ್ಟರಿಯಲ್ಲಿ ತಯಾರಾದದ್ದು" ಅಂತ.